ಎರಡು ಬೆರಳಿನ ಗುರುತು

ಸಾಯಿಮಿಯ ಚಿತ್ರಗಳು ಅವಳ ಕೈಯವಲ್ಲ, ಹೇಳಿದ್ದನ್ನು ತಾನೇ ಬರೆದುಕೊಡುವ ಯಂತ್ರಕ್ಕೆ ಹೇಳಿ ಬರೆಸಿದವು ಎಂದು ಮೊದಲು ಬಾಯಿಬಿಟ್ಟವಳು ನಾನೇ. ನಮ್ಮೂರಿನ ಚಿತ್ರಕಾರರ ಸಂಘದಲ್ಲಿ ಮೂವತ್ತು ವರ್ಷದಿಂದ ಜಲವರ್ಣ ಕಲಿಸುತ್ತಿರುವ ಹಿಲ್ಲೆವಿ, ಅಂದರೆ ನಾನು, ಒಂದು ಮಾತು ಆಡಿದರೆ ಜನ ನಂಬುತ್ತಾರೆ. ಈ ಸಲವೂ ನಂಬಿದರು.

ಸಾಯಿಮಿ ಬಂದರಿನಿಂದ ಆಸ್ಪತ್ರೆಗೆ ಹೋಗುವ ಬಸ್ಸಿನ ಡ್ರೈವರು. ಕೊನೆಯ ನಿಲ್ದಾಣದಲ್ಲಿ ಸಿಗುವ ಹನ್ನೆರಡು ನಿಮಿಷದಲ್ಲಿ ಸ್ಟಿಯರಿಂಗಿಗೆ ಟ್ಯಾಬ್ಲೆಟ್ ಒರಗಿಸಿಕೊಂಡು ಚಿತ್ರ ಬಿಡಿಸುತ್ತಾಳೆ. ಆರು ವರ್ಷದಿಂದ ಹೀಗೆ ಬಿಡಿಸಿದ್ದನ್ನು ಸಂಘದ ಫೋನ್ ಗುಂಪಿಗೆ ಹಾಕುತ್ತಿದ್ದಳು. ಹಿಮದ ಮೇಲೆ ಬಿದ್ದ ಬೀದಿದೀಪದ ಬೆಳಕು, ಬಸ್ಸಿಗೆ ಕಾಯುತ್ತ ಕೈಚೀಲ ಅಪ್ಪಿಕೊಂಡ ಮುದುಕಿ, ಇಂಥವು. ಕಳೆದ ಶರತ್ಕಾಲದಲ್ಲಿ ಕಾಗದ ಕುಂಚವನ್ನೂ ಕಲಿಯಬೇಕೆಂದು ನನ್ನ ತರಗತಿಗೆ ಸೇರಿದಳು. ಅಲ್ಲಿ ಅವಳು ಹಚ್ಚಿದ ಬಣ್ಣವೆಲ್ಲ ಬರೀ ಕೆಸರು. ಆ ಕೆಸರನ್ನೂ ಪ್ರತಿ ತಿಂಗಳ ಸಭೆಯಲ್ಲಿ ಟ್ಯಾಬ್ಲೆಟ್ಟಿನ ಚಿತ್ರದ ಪಕ್ಕದಲ್ಲಿಟ್ಟು, ಒಂಚೂರೂ ಸಂಕೋಚವಿಲ್ಲದೆ ಎಲ್ಲರಿಗೂ ತೋರಿಸುತ್ತಿದ್ದಳು. ಇಷ್ಟು ಒರಟು ಕೈ ಅಷ್ಟು ಬೆಳಕನ್ನು ಹೇಗೆ ತಂದೀತು ಎಂದು ನನಗೆ ಅನುಮಾನ.

ಅನುಮಾನ ಅನ್ನುವುದು ಮರ್ಯಾದೆಯ ಮಾತು. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚು. ಕ್ರಿಸ್‌ಮಸ್ಸಿಗೆ ಮಗಳು ನನಗೂ ಒಂದು ಟ್ಯಾಬ್ಲೆಟ್ ಕೊಡಿಸಿದ್ದಳು. ಅದನ್ನು ಸ್ವೆಟರಿನಲ್ಲಿ ಸುತ್ತಿ ಚೀಲದ ತಳದಲ್ಲಿಟ್ಟುಕೊಂಡು, ಯಾರೂ ಇಲ್ಲದಾಗ ತೆಗೆದು ಮೂರು ತಿಂಗಳು ಕಲಿತೆ. ತಪ್ಪು ಗೆರೆ ಬಿದ್ದರೆ ಎರಡು ಬೆರಳಿನಿಂದ ಗಾಜನ್ನು ಒಮ್ಮೆ ತಟ್ಟಿದರೆ ಸಾಕು, ಗೆರೆ ಮಾಯ. ನಾನು ಗೀಚಿದ್ದಕ್ಕಿಂತ ತಟ್ಟಿದ್ದೇ ಹೆಚ್ಚು. ಆದರೂ ನನ್ನ ಸೇಬು ಆಲೂಗಡ್ಡೆಯಾಗಿಯೇ ಉಳಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಾಯಿಮಿ ಬಿಡಿಸುವಂಥ ಚಿತ್ರ ಮನುಷ್ಯರಿಂದ ಸಾಧ್ಯವೇ ಇಲ್ಲ ಎಂದು ನಾನು ತೀರ್ಮಾನಿಸಿಬಿಟ್ಟೆ.

ಬೇಸಿಗೆಯ ಪ್ರದರ್ಶನಕ್ಕೆ ಸಾಯಿಮಿಯ ಮೂರು ಚಿತ್ರ ಆಯ್ಕೆಯಾದ ದಿನ ಸಭೆಯಲ್ಲೇ ಹಾಗೆಂದೆ. ಬಿಡಿಸಿದ ಹಂತಗಳನ್ನು ತೋರಿಸು ಎಂದರು ಅವಳಿಗೆ. ಹಳೇ ಟ್ಯಾಬ್ಲೆಟ್ಟಿನಲ್ಲಿ ಜಾಗ ಸಾಲುವುದಿಲ್ಲ, ಮುಗಿದ ಚಿತ್ರ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಅಳಿಸುತ್ತೇನೆ ಎಂದಳು. ಅಧ್ಯಕ್ಷ ಕಲೆರ್ವೊ ಪೇಚಿಗೆ ಸಿಕ್ಕಿದ.

"ಹಾಗಾದ್ರೆ ನಮ್ಮೆದುರೇ ಬಿಡಿಸ್ಲಿ," ಎಂದೆ. "ಕಾಗದದ ಮೇಲೆ. ಆ ಗಾಜಿನೊಳಗೆ ಏನು ಅಡಗಿದ್ಯೋ ಯಾರಿಗೆ ಗೊತ್ತು?"

ಕಾಗದ ಅವಳಿಗೆ ಇನ್ನೂ ಒಲಿದಿಲ್ಲವೆಂದು ಆ ಕೋಣೆಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ಬಿಡಿಸಲಾಗದಿದ್ದರೆ ಮೂರು ಚಿತ್ರವನ್ನೂ ಇಳಿಸುವುದು, ಸಂಘದಿಂದ ಹೆಸರು ತೆಗೆಯುವುದು ಎಂದಾಯಿತು. ಸಾಯಿಮಿ ನನ್ನ ಮುಖವನ್ನೊಮ್ಮೆ ನೋಡಿ "ಆಯ್ತು" ಎಂದಳು.

ಮಾರ್ಚ್ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಹತ್ತೊಂಬತ್ತು ಜನ ಸೇರಿದೆವು. ಮೊದಲ ಕಪ್ ಕಾಫಿ ಕುಡಿದು ಮುಗಿಸದವರು ಚಿತ್ರದ ಬಗ್ಗೆ ಮಾತಾಡುವಂತಿಲ್ಲ ಎಂಬುದು ನಮ್ಮಲ್ಲಿ ಹಳೆಯ ಕಟ್ಟುಪಾಡು. ದುಡುಕಿ ಮಾತಾಡಬಾರದೆಂದು ಹಿರಿಯರು ಮಾಡಿದ್ದು. ಅಂದು ಎಲ್ಲರೂ ಬೇಕೆಂದೇ ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ನಾನು ಕಪ್ಪನ್ನು ಮುಟ್ಟಿಯೇ ಇರಲಿಲ್ಲ.

"ಕಿಟಕಿಯಾಚೆ ಕಾಣೋದನ್ನೇ ಬಿಡಿಸು. ನಲವತ್ತು ನಿಮಿಷ," ಎಂದ ಕಲೆರ್ವೊ.

ಆಚೆ ಮಂಜುಗಡ್ಡೆಯಾದ ಸಮುದ್ರ, ಅದರ ಮೇಲೆ ಬೂದು ಆಕಾಶ. ಸಾಯಿಮಿ ಕಾಗದದ ಅಂಚಿಗೆ ಪಟ್ಟಿ ಅಂಟಿಸಿ ಒದ್ದೆ ಮಾಡಿದಳು. ಬಣ್ಣ ಕಲಸುತ್ತ, ಅಭ್ಯಾಸಬಲದಿಂದ ತಲೆ ಎತ್ತಿದಳು.

"ಹಿಲ್ಲೆವಿ, ಈ ನೀಲಿಗೆ ನೀರು ಎಷ್ಟು ಹಾಕ್ಲಿ?"

ಕೋಣೆಯಲ್ಲಿ ಎಲ್ಲರೂ ನನ್ನತ್ತ ತಿರುಗಿದರು. ನಾನು ಹೇಳುವಂತಿಲ್ಲವೆಂದು ತಲೆಯಲ್ಲಾಡಿಸಿದೆ.

"ಓ, ಹೌದಲ್ಲ," ಎಂದಳು. "ವಾರ ವಾರ ಕೇಳಿ ಕೇಳಿ ರೂಢಿ. ಬಾಯ್ತಪ್ಪಿ ಬಂತು."

ಕೆಟ್ಟುಹೋಗಲಿ ಎಂದೂ ಅನ್ನಿಸುತ್ತಿತ್ತು, ಕೆಡದಿರಲಿ ಎಂದೂ ಅನ್ನಿಸುತ್ತಿತ್ತು. ಆಕಾಶ ಪರವಾಗಿಲ್ಲ ಎನ್ನುವಂತೆ ಬಂತು. ಆಮೇಲೆ ದಿಗಂತದ ಗೆರೆ ಎಳೆಯುವಾಗ ಕುಂಚದಲ್ಲಿ ನೀರು ಹೆಚ್ಚಾಯಿತು. ನೀಲಿ ಜಾರಿ ಬಿಳಿಯ ಮಂಜುಗಡ್ಡೆಯೊಳಗೆ ಇಳಿಯತೊಡಗಿತು.

ಮಾತಾಡುವ ಆತುರಕ್ಕೆ ಯಾವಾಗಲೂ ಎಲ್ಲರಿಗಿಂತ ಮುಂಚೆ ಕಪ್ಪು ಖಾಲಿ ಮಾಡುವವನು ರೆಯೊ. "ಬಸ್ಸು ಹಳ್ಳಕ್ಕೆ ಬಿತ್ತು," ಎಂದ.

ಆಗಲೇ ಸಾಯಿಮಿಯ ಎಡಗೈ ಮೇಲೆದ್ದು, ಎರಡು ಬೆರಳು ಒಟ್ಟಿಗೆ ಹಸಿ ಆಕಾಶದ ಮೇಲೆ ಟಪ್ಪೆಂದು ತಟ್ಟಿದವು. ಗೆರೆ ಹಾಗೇ ಇತ್ತು. ಇನ್ನೊಮ್ಮೆ ತಟ್ಟಿದಳು. ಆಮೇಲೆ ತನ್ನ ಬೆರಳನ್ನೇ ನೋಡಿಕೊಂಡಳು. ಆಕಾಶದ ನಡುವೆ ಬೆರಳಿನ ಬಿಳಿಚಿದ ಗುರುತು ಉಳಿದಿತ್ತು, ಅವಳ ಮುಖವೂ ಅಷ್ಟೇ ಬಿಳಿಚಿಕೊಂಡಿತು.

"ಏನಮ್ಮ, ಕೈಯಾರೆ ಕೆಡಿಸ್ದೆಯಲ್ಲ!" ರೆಯೊ ನಕ್ಕ. "ಯಂತ್ರ ಇಲ್ದಿದ್ರೆ ಇಷ್ಟೇ."

ಕಲೆರ್ವೊ ಕೊನೆಯ ಗುಟುಕು ಕುಡಿದು ಕಪ್ಪು ಕೆಳಗಿಟ್ಟ. "ಸಾಕು ಬಿಡು ಸಾಯಿಮಿ. ನಮಗೂ ಬೇಜಾರೇ."

ಅವಳು ಕುಂಚ ತೊಳೆಯತೊಡಗಿದಳು. ಆ ಹತ್ತೊಂಬತ್ತು ಜನರಲ್ಲಿ ಗಾಜಿನ ಮೇಲೆ ಚಿತ್ರ ಬಿಡಿಸಿ ಗೊತ್ತಿದ್ದವರು ಇಬ್ಬರೇ. ಒಬ್ಬಳು ಎದ್ದು ಹೋಗುವುದರಲ್ಲಿದ್ದಳು, ಇನ್ನೊಬ್ಬಳು ನಾನು. ನಾನು ಸುಮ್ಮನಿದ್ದರೆ ನನ್ನ ಗುಟ್ಟೂ ಉಳಿಯುತ್ತಿತ್ತು, ಮೂವತ್ತು ವರ್ಷದ ಹೆಸರೂ ಉಳಿಯುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ್ದ ಮಾತನ್ನು ಅಳಿಸಲು ತಟ್ಟುವ ಜಾಗವೆಲ್ಲೂ ಇರಲಿಲ್ಲ.

ಆರಿ ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದು ನಿಂತೆ.

"ಅವಳು ಕೆಡಿಸ್ಲಿಲ್ಲ. ಅಳಿಸೋಕೆ ಹೋದ್ಲು," ಎಂದೆ. "ಟ್ಯಾಬ್ಲೆಟ್ಟಲ್ಲಿ ತಪ್ಪು ಗೆರೆ ಅಳಿಸೋದು ಹಾಗೇನೇ, ಎರಡು ಬೆರಳಲ್ಲಿ ತಟ್ಟಿ. ಯಂತ್ರಕ್ಕೆ ಹೇಳಿ ಬರೆಸೋರ ಬೆರಳಿಗೆ ಈ ಚಾಳಿ ಹತ್ತಲ್ಲ ಕಲೆರ್ವೊ. ಸಾವಿರ ಗೆರೆ ತಪ್ಪಿ ಸಾವಿರ ಸಲ ತಟ್ಟಿದೋರಿಗೇ ಹತ್ತೋದು."

"ಅದು ನಿಂಗೆ ಹೇಗೆ ಗೊತ್ತು?"

"ನಾನೂ ಕಲೀತಿದೀನಿ. ಗುಟ್ಟಾಗಿ. ಅವಳ ಹಾಗೆ ಬರ್ಲಿಲ್ಲ ಅಂತ ಹೊಟ್ಟೆ ಉರ್ಕೊಂಡು ಸುಳ್ಳು ಆಪಾದನೆ ಹೊರಿಸ್ದೆ. ತಪ್ಪು ನಂದು." ಯಾರೂ ನಂಬಿದಂತೆ ಕಾಣಲಿಲ್ಲ. "ಮೊನ್ನೆ ಟ್ಯಾಬ್ಲೆಟ್ಟಿನ ಪೆನ್ನನ್ನ ನೀರಿನ ಲೋಟಕ್ಕೆ ಅದ್ದಿದೆ, ಕುಂಚ ಅಂದ್ಕೊಂಡು. ಇನ್ನೇನು ಹೇಳ್ಲಿ?"

ಕುಂಚ ಒರೆಸುತ್ತಿದ್ದ ಸಾಯಿಮಿ ನಿಂತು ನನ್ನತ್ತ ಕೈ ಚಾಚಿದಳು.

"ತೋರ್ಸಿ."

ಸಂಘಕ್ಕೆ ಬಂದವರು ತಾವು ಮಾಡಿದ್ದನ್ನು ಮೇಜಿನ ಮೇಲೆ ಇಡಲೇಬೇಕು, ಅದೂ ನಮ್ಮ ಕಟ್ಟುಪಾಡು. ಚೀಲದ ತಳದಿಂದ ಸ್ವೆಟರು ಬಿಚ್ಚಿ ಟ್ಯಾಬ್ಲೆಟ್ ತೆಗೆದು, ಅವಳ ಕೆಟ್ಟ ಕಾಗದದ ಪಕ್ಕದಲ್ಲಿಟ್ಟೆ. ಎಲ್ಲರೂ ಬಗ್ಗಿದರು.

"ಆಲೂಗಡ್ಡೆನಾ?"

"ಸೇಬು."

ಅವಳು ತುಂಬ ಹೊತ್ತು ನೋಡಿದಳು. ನಗಲಿಲ್ಲ. "ಇದನ್ನ ಯಂತ್ರ ಬಿಡಿಸಿದ್ದಲ್ಲ ಅಂತ ನಾನು ಎಲ್ಲಿ ಬೇಕಾದ್ರೂ ಆಣೆ ಮಾಡಿ ಹೇಳ್ತೀನಿ," ಎಂದಳು.

ಕೋಣೆಯೆಲ್ಲ ಗೊಳ್ಳೆಂದಿತು. ನನ್ನ ಕಿವಿ ಬಿಸಿಯಾಯಿತು. ನಗು ನಿಂತ ಮೇಲೂ ಅವಳ ಮುಖ ಸಡಿಲವಾಗಲಿಲ್ಲ. ಕುರ್ಚಿ ಎಳೆದು ಮತ್ತೆ ಕಾಗದದ ಮುಂದೆ ಕುಳಿತಳು.

"ಕ್ಷಮಿಸಿದೀನಿ ಅಂತ ತಿಳ್ಕೋಬೇಡಿ," ಎಂದಳು ನನ್ನತ್ತ ನೋಡದೆ. "ಇನ್ನೂ ಹನ್ನೆರಡು ನಿಮಿಷ ಇದೆ. ಈಗ ಹೇಳಿ, ಆ ನೀಲಿಗೆ ನೀರು ಎಷ್ಟು?"