ಹಸಿರಾಗದ ಸೀಸೆ

ಬೇಸಿಗೆ ಮುಗಿದು ಮೊದಲ ಮಳೆ ಬಿದ್ದ ವಾರ, ಮಧ್ಯಾಹ್ನ ಊಟದ ಹೊತ್ತು. ಗುಹೆಯ ಕಾವಲುಗಾರ ಬೀಗ ತೆಗೆಯುತ್ತಿದ್ದಾಗ ಸಂಶೋಧಕಿ ಕೆಂಪು ಪುಡಿಯ ಡಬ್ಬಿ ಹಿಡಿದು ಬಂದಳು. ಹನಿ ನೀರು ಹಿಡಿಯುವುದೇ ಕೆಲಸವಾದ್ದರಿಂದ ಊರವರ ಬಾಯಲ್ಲಿ ಅವಳು ತೊಟ್ಟು ಮೇಡಂ.

ಗುಹೆಯ ಸೂರಿನಿಂದ ತೊಟ್ಟಿಕ್ಕಿದ ನೀರು ನೆಲದ ಮೇಲೆ ಸುಣ್ಣದ ಕಲ್ಲಾಗಿ ಬೆಳೆಯುತ್ತದೆ. ಅದನ್ನು ಪದರ ಪದರವಾಗಿ ಓದಿದರೆ ಮುತ್ತಜ್ಜಂದಿರ ಕಾಲದ ಮಳೆ ಬರಗಾಲ ಎಲ್ಲ ತಿಳಿಯುತ್ತದಂತೆ. ಆದರೆ ಮೊದಲು ಇವತ್ತಿನ ಹನಿ ಎಲ್ಲಿಯದೆಂದು ಗೊತ್ತಾಗಬೇಕಂತೆ.

"ಮೇಲೆ ನಿಮ್ಮ ತಂಗಿ ಲಾಂಡ್ರಿ ಇದೆಯಲ್ಲ, ಅದರ ನೀರು ಇದಕ್ಕೆ ಸೇರ್ತಿದ್ರೆ ನನ್ನ ಲೆಕ್ಕವೆಲ್ಲ ತಲೆಕೆಳಗು. ಈ ಪುಡೀನ ಅಲ್ಲಿನ ಮೋರಿಗೆ ಹಾಕ್ತೀನಿ. ಇಲ್ಲಿ ಹನಿ ಹಿಡಿಯೋಕಿಟ್ಟ ಸೀಸೆ ಹಸಿರಾದ್ರೆ ಗೊತ್ತಾಯ್ತು."

"ಕೆಂಪು ಹಾಕಿ ಹಸಿರು ಬರುತ್ತಾ ಅಂತ ಕಾಯ್ತೀರಾ?"

"ನೀರಿಗೆ ಬಿದ್ರೆ ಹಸಿರಾಗುತ್ತೆ. ಕುಡಿದ್ರೂ ಏನಾಗಲ್ಲ."

"ಆಗ ನನ್ನ ತಂಗಿ ಗತಿ?"

"ಗುಹೆ ಮೇಲೆ ಕೊಳೆನೀರು ಬಿಡಬಾರದು ಅಂತ ನಗರಸಭೆ ನಿಯಮ. ಅಂಗಡಿ ಎತ್ತಬೇಕಾಗುತ್ತೆ."

ಗಂಡ ಹೋದ ಮೇಲೆ ತಂಗಿ ಕಟ್ಟಿಕೊಂಡ ಬದುಕು ಅದೊಂದೇ. ಸಂಜೆ ಕಾವಲುಗಾರ ವಿಷಯ ಹೇಳಲು ಹೋದಾಗ ಅವಳು ಆಸ್ಪತ್ರೆಯ ಹೊದಿಕೆಗಳನ್ನು ಯಂತ್ರಕ್ಕೆ ತುಂಬುತ್ತಿದ್ದಳು.

"ಹಸಿರು ಬಂದ್ರೆ ಚೆಲ್ಲಿ ಒಳ್ಳೆ ನೀರು ತುಂಬಿಡು. ಸೀಸೆಯೇನು ಚಾಡಿ ಹೇಳುತ್ತಾ?"

"ನನ್ನ ನಂಬಿ ಬೀಗದಕೈ ಕೊಟ್ಟಿದ್ದಾರೆ ಕಣೇ."

"ಅಪ್ಪ ಸಾಯುವಾಗ ನನ್ನ ಕೈನ ಯಾರ ಕೈಲಿಟ್ಟ? ಕಾವಲುಗಾರನ ಕೈಲೋ, ಅಣ್ಣನ ಕೈಲೋ?"

ಮರುದಿನ ಮೇಡಂ ಆ ಪುಡಿಯನ್ನು ಲಾಂಡ್ರಿಯ ಮೋರಿಗೆ ಸುರಿದಳು.

ಅಂದಿನಿಂದ ಕಾವಲುಗಾರ ಹೊತ್ತಲ್ಲದ ಹೊತ್ತಿನಲ್ಲಿ ಗುಹೆಗೆ ಇಳಿದು ಸೀಸೆಗೆ ಬ್ಯಾಟರಿ ಬಿಡುವನು. ಒಮ್ಮೆ ನೀರು ಹಸಿರೆನ್ನಿಸುವುದು; ಕಣ್ಣುಜ್ಜಿ ನೋಡಿದರೆ ಏನೂ ಇಲ್ಲ. ಚೆಲ್ಲಲೆಂದು ಎತ್ತುವನು, ಮತ್ತೆ ಅಲ್ಲೇ ಇಡುವನು. ಇನ್ನೂ ಬಣ್ಣ ಬಾರದ ನೀರನ್ನು ಚೆಲ್ಲುವುದು ತಪ್ಪೋ, ಬಂದ ಮೇಲೆ ಚೆಲ್ಲುವುದು ತಪ್ಪೋ, ಅವನಿಗೆ ಬಗೆಹರಿಯಲಿಲ್ಲ.

ಕೊನೆಗೆ ಮೇಡಂ ಬಂದು ಸೀಸೆಯನ್ನು ಬಿಸಿಲಿಗೆ ಹಿಡಿದಳು. "ತಿಳಿಯಾಗಿದೆ. ಇದು ಬರೀ ಮಳೆ ನೀರು. ನಿಮ್ಮ ತಂಗಿ ಗೆದ್ದಳು."

ಅವನು ಮೈ ಹಗುರಾಗಿ ಮನೆಗೆ ಬಂದರೆ, ಹೆಂಡತಿ ಹೊಸಿಲಲ್ಲಿ ಲೋಟ ಹಿಡಿದು ನಿಂತಿದ್ದಳು. ಒಳಗೆ ಗಿಳಿಹಸಿರು ನೀರು.

"ನಲ್ಲೀಲಿ ಹೀಗೆ ಬರ್ತಿದೆ. ಬೀದಿಗೆಲ್ಲ ಇದೇ."

ಬೀದಿಯ ನಲ್ಲಿಗೆ ನೀರು ಬರುವುದು ಗುಡ್ಡದ ಬುಡದ ಒರತೆಯಿಂದ. ಮೇಡಂ ಓಡಿ ಬಂದು ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಮೋರಿ ನೀರು ಬಂಡೆಯ ಬೇರೆ ಯಾವುದೋ ಬಿರುಕಲ್ಲಿ ಇಳಿದಿರಬೇಕು. ಗುಹೆಗೆ ಒಂದು ಹನಿ ಬೀಳದೆ ಅಷ್ಟು ದೂರ ಹೇಗೆ ಹೋಯ್ತೋ, ನನಗೂ ತಲೆಬುಡ ತಿಳೀತಿಲ್ಲ."

ಬಣ್ಣ ಕುಡಿದರೆ ತೊಂದರೆಯಿಲ್ಲ ಸರಿ, ಅದರ ಜೊತೆ ಆಸ್ಪತ್ರೆ ಬಟ್ಟೆಯ ಕೊಳೆಯನ್ನು ಇಷ್ಟು ದಿನ ಕುಡಿದೆವಲ್ಲ ಎಂದು ಬೀದಿಯೇ ಲಾಂಡ್ರಿಯ ಮುಂದೆ ನಿಂತಿತು. ನಗರಸಭೆಯವರು ಮೋರಿ ಮುಚ್ಚಿಸಿದರು.

ತಂಗಿ ಅಣ್ಣನನ್ನು ಪಕ್ಕಕ್ಕೆ ಕರೆದಳು. "ಗುಹೇಲಿ ಚೆಲ್ಲಿದ್ಯಾ?"

"ಇಲ್ಲ. ಹಸಿರು ಬರಲೇ ಇಲ್ಲ."

"ಮತ್ತೆ ನಿನ್ನ ಮನೆ ಲೋಟಕ್ಕೆ ಹೇಗೆ ಬಂತು? ನೀನು ಗುಹೇಲಿ ಚೆಲ್ಲಿದ್ದೇ ಒರತೆಗಿಳಿದು ನಲ್ಲೀಲಿ ಬಂದಿದೆ. ಸುಳ್ಳು ಯಾಕೆ ಹೇಳ್ತೀಯ?"

ಇಲ್ಲವೆಂದು ಆಣೆ ಮಾಡಹೊರಟವನಿಗೆ, ಕತ್ತಲಲ್ಲಿ ಎತ್ತಿ ಇಳಿಸಿದ ಸೀಸೆಯಿಂದ ಏನಾದರೂ ತುಳುಕಿತ್ತೇ ಎಂದು ತನ್ನ ಮೇಲೇ ಅನುಮಾನ ಬಂತು. ಆಣೆಗೆಂದು ಎತ್ತಿದ ಕೈಯನ್ನು ಅವನು ಇಳಿಸಿದ.

ತಂಗಿ ಯಂತ್ರಗಳನ್ನು ವ್ಯಾನಿಗೆ ಹೇರಿಸಿ, ಅಣ್ಣನಿಗೆ ಬರ್ತೀನಿ ಎಂದೂ ಹೇಳದೆ, ಗುರುವಾರ ಬೆಳಿಗ್ಗೆ ಹೊರಟುಹೋದಳು.