ಕಣ್ಣಿನ ಮೇಲಿನ ಪಟ್ಟಿ

ಬ್ಯಾಡಗಿಯಲ್ಲಿ ಜಾಕೀಟು ಹೊಲಿಯುತ್ತಿದ್ದ ಶ್ರೀದೇವಿಗೆ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಬಲಗಣ್ಣು ಹೊರಳುವುದೇ ನಿಂತುಹೋಯಿತು. ಮೇಲೆ ನೋಡಿದರೆ ಎಡಗಣ್ಣಷ್ಟೇ ಏರುತ್ತಿತ್ತು. ಮಷಿನ್ನಿನ ಸೂಜಿ ಎರಡೆರಡಾಗಿ ಕಾಣುತ್ತಿತ್ತು. ರೆಪ್ಪೆಯೊಳಗೆ ಏನೋ ಊದಿಕೊಂಡು ಗುಡ್ಡೆಯನ್ನು ಒತ್ತುತ್ತಿತ್ತು.

ಅದು ಏನಿರಬಹುದೆಂಬ ಗುಮಾನಿ ಅವಳಿಗಿತ್ತು. ತವರೂರು ಐರಣಿಯಲ್ಲಿದ್ದಾಗ, ಇನ್ನೂ ಲಂಗ ಉಡುವ ವಯಸ್ಸಿನಲ್ಲಿ, ಅದೇ ಕಣ್ಣಿನ ಒಳಪರದೆ ಕಳಚಿ ಆಪರೇಷನ್ ಆಗಿತ್ತು. ಪರದೆ ಮತ್ತೆ ಅಂಟಿಕೊಳ್ಳಲೆಂದು ಗುಡ್ಡೆಯ ಹೊರಮೈಗೆ ಮೆತ್ತನೆಯದೊಂದು ಪಟ್ಟಿ ಹೊಲಿದಿದ್ದರು. ಮದುವೆ ಮಾತುಕತೆಯಲ್ಲಿ ಅಪ್ಪ ಅದನ್ನು ಮುಚ್ಚಿಟ್ಟ. "ಯಾರ ಮುಂದನೂ ಬಾಯಿ ಬಿಡಬ್ಯಾಡವ್ವ" ಅಂದಿದ್ದ. ಅಪ್ಪ ತೀರಿಕೊಂಡ ಮೇಲೂ ಅವಳು ಆ ಮಾತು ಮೀರಿರಲಿಲ್ಲ.

ಹಾವೇರಿಯ ಡಾಕ್ಟರು ಸ್ಕ್ಯಾನ್ ನೋಡಿದರು.

"ಗಡ್ಡಿ ಇದ್ದಂಗ ಕಾಣಸ್ತೈತಿ. ಕ್ಯಾನ್ಸರ್ ಆಗಿದ್ರ ಕಣ್ಣ ತಗೀಬೇಕಾಗ್ತೈತಿ. ಹಿಂದ ಏನರ ಆಪರೇಷನ್ ಆಗಿತ್ತೇನ್ರಿ?"

"ಇಲ್ರಿ" ಅಂದ ಗಂಡ ಮನೋಹರ. ಅತ್ತೆ ಹೊಳಿಯವ್ವನೂ ಇಲ್ಲವೆಂದು ತಲೆಯಾಡಿಸಿದಳು.

ಸುಮ್ಮನಿದ್ದರೆ ಕಣ್ಣು ಹೋಗುತ್ತದೆ, ಬಾಯಿಬಿಟ್ಟರೆ ಮನೆ. ಡಾಕ್ಟರು ಪೆನ್ನು ಎತ್ತಿಕೊಂಡರು.

"ಆಗಿತ್ರಿ" ಅಂದಳು ಶ್ರೀದೇವಿ. "ಪಟ್ಟಿ ಹಾಕ್ಯಾರ್ರಿ. ಲಗ್ನಕ್ಕಿಂತ ಮೊದಲ."

ಹೊಳಿಯವ್ವ ಎದ್ದು ಹೊರಗೆ ಹೋದಳು. ಡಾಕ್ಟರು ಹುಬ್ಬಳ್ಳಿಗೆ ಚೀಟಿ ಬರೆದು ಮನೋಹರನ ಕೈಗಿಟ್ಟರು.

ಹುಬ್ಬಳ್ಳಿಯ ಸರ್ಜನ್ ಬಿಡಿಸಿ ಹೇಳಿದರು. "ಇದು ಗಡ್ಡಿ ಅಲ್ರಿ, ಆ ಪಟ್ಟಿನ. ಅದು ನೀರು ಹೀರೋ ಪ್ಲಾಸ್ಟಿಕ್ಕಿನ ಜೆಲ್ ಐತ್ರಿ. ಮೈಗೆ ಒಗ್ಗತೈತಿ ಅಂತ ಆಗ ನಂಬಿದ್ರು. ಕೆಲವ್ರಿಗೆ ವರ್ಷಾ ವರ್ಷಾ ಊದಕೋತ ಹೋಗ್ತೈತಿ."

ಪಟ್ಟಿ ತೆಗೆಯುವ ದಿನ ಕಣ್ಣಿಗಷ್ಟೇ ಮರಗಟ್ಟುವ ಸೂಜಿ ಕೊಟ್ಟಿದ್ದರು. ಮುಖದ ಮೇಲಿನ ಹಸಿರು ಬಟ್ಟೆಯಡಿ ಅವಳಿಗೆ ಎಲ್ಲ ಕೇಳುತ್ತಿತ್ತು. ಅಲುಗಾಡುವಂತಿರಲಿಲ್ಲ. "ಹಿಡದ್ರ ಪುಡಿ ಆಗಾಕತ್ತೈತಿ" ಅಂದರು ಸರ್ಜನ್. ಬೆಂದ ಸಾಬೂದಾಣಿಯ ಹಾಗೆ ಚೂರುಚೂರಾಗಿ ತೆಗೆದರು. ಹಿಂದೆ ಸಿಕ್ಕಿಕೊಂಡ ಒಂದಿಷ್ಟು ಬರಲೇ ಇಲ್ಲ. ಎಳೆದರೆ ಗುಡ್ಡೆ ಹರಿದೀತೆಂದು ಬಿಟ್ಟರು. ಕಣ್ಣು ಉಳಿಯಿತು.

ವಾರ್ಡಿನಲ್ಲಿ ಮನೋಹರ ಕೇಳಿದ. "ನನಗೊಬ್ಬಂವಗರ ಹೇಳಬಾರದಿತ್ತೇನು?"

"ಮೊದಲ ಹೇಳಿದ್ರ ನನ್ನ ಲಗ್ನ ಆಗ್ತಿದ್ರೇನ್ರಿ?"

"ಆಗ್ತಿದ್ದಿಲ್ಲ" ಅಂದ.

ಮನೆಗೆ ಬಂದ ಮೇಲೆ ಹೊಳಿಯವ್ವ ಸೊಸೆಯೊಡನೆ ಮಾತು ಬಿಟ್ಟಳು. ಊಟದ ತಾಟನ್ನು ಮಾತ್ರ ತಂದು ಮುಂದಿಡುತ್ತಿದ್ದಳು. ದಿನಾ ಕಣ್ಣಿಗೆ ಔಷಧಿ ಬಿಡುವವನು ಮನೋಹರನೇ. "ಮ್ಯಾಲ ನೋಡು" ಅನ್ನುತ್ತಿದ್ದ. ಆ ಕಣ್ಣು ಈಗ ಎಡಕ್ಕೂ ಬಲಕ್ಕೂ ಹೊರಳುತ್ತಿತ್ತು, ಮೇಲೆ ಮಾತ್ರ ಏರುತ್ತಿರಲಿಲ್ಲ. ಅವನು ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು ಹನಿ ಬಿಡುತ್ತಿದ್ದ. ಅವನ ಮುಖ ಅಷ್ಟು ಹತ್ತಿರವಿದ್ದರೂ, ಮನಸ್ಸಿನಲ್ಲಿ ಏನಿದೆಯೆಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.