ಬೆಳ್ಳಿ ಕಾಗದದ ಫ್ಯೂಸ್

ಬೆಂಕಿಪೊಟ್ಟಣಕ್ಕೆಂದು ಜೇಬಿಗೆ ಕೈ ಹಾಕಿದರೆ ಹೊಸ ಫ್ಯೂಸ್ ಸಿಕ್ಕಿತು. ಅದು ನಾಗಯ್ಯನ ಗಾಡಿಯಲ್ಲಿರಬೇಕಿತ್ತು.

ಗುಂಡ್ಲುಪೇಟೆಯಲ್ಲಿ ಹದಿನೆಂಟು ವರ್ಷದಿಂದ ಲಾರಿಗಳ ವೈರಿಂಗ್ ಮಾಡುವವನು ನಾನು. ನಾಗಯ್ಯ ತರಕಾರಿ ಸಾಗಿಸುವ ಪಿಕಪ್ಪಿನ ಹಿಂದೆ ತಗಡಿನ ಗೂಡು ಕಟ್ಟಿಸಿ, ಹಾಸಿಗೆ ಹಾಕಿ, ಸೊಂಟ ಮುರಿದುಕೊಂಡ ಹೆಂಡತಿ ರಾಚಮ್ಮನನ್ನು ವಯನಾಡಿನ ವೈದ್ಯರ ಬಳಿ ಕರೆದೊಯ್ಯುತ್ತಿದ್ದ. ಹದಿನೈದು ದಿನ ಅದರಲ್ಲೇ ವಾಸ. ಹಾಸಿಗೆಯ ತಲೆದೆಸೆಯಲ್ಲಿ ಒಂದು ಬ್ಯಾಟರಿ, ಪಕ್ಕದಲ್ಲೇ ಸ್ವಿಚ್, ಹನ್ನೆರಡು ವೋಲ್ಟಿನ ಎರಡು ದೀಪ. ನೀರು ಕುಡಿದಷ್ಟು ಸುಲಭದ ಕೆಲಸ. ಪರೀಕ್ಷೆ ಮಾಡುವಾಗ ಫ್ಯೂಸ್ ಸುಟ್ಟಿತು. ಸದ್ಯಕ್ಕಿರಲಿ ಎಂದು ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಮಡಿಸಿ ತುರುಕಿದೆ. ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ಹೊಸದು ತಂದೆ, ಜೇಬಿಗಿಟ್ಟೆ, ಅಷ್ಟರಲ್ಲಿ ಟೀ ಬಂತು, ಮರೆತೆ. ಈಗ ಗಾಡಿ ಹೊರಟುಹೋಗಿತ್ತು.

ವೈರು ತಗಡಿನ ತೂತಿನಲ್ಲಿ ಹಾದುಹೋಗಿತ್ತು. ತೂತಿನ ಅಂಚಿಗೆ ರಬ್ಬರು ಹಾಕಿರಲಿಲ್ಲ, ಅದು ನನ್ನ ಸೋಮಾರಿತನ. ಉಜ್ಜಿ ಉಜ್ಜಿ ಸಿಪ್ಪೆ ಸುಲಿದು ತಾಮ್ರ ತಗಡಿಗೆ ತಾಗಿದರೆ, ಸರಿಯಾದ ಫ್ಯೂಸಿದ್ದಾಗ ಅದು ಸುಟ್ಟು ದೀಪ ಆರುತ್ತದೆ, ಅಷ್ಟೆ. ಬೆಳ್ಳಿ ಕಾಗದವಾದರೆ ವೈರೇ ಉರಿಯುತ್ತದೆ, ಕೆಳಗೆ ಹತ್ತಿ ಹಾಸಿಗೆ. ಬಾಗಿಲು ಬಡಿದುಕೊಳ್ಳುತ್ತದೆಂದು ನಾಗಯ್ಯ ಹೊರಗಿನಿಂದ ಚಿಲಕ ಬೇರೆ ಹಾಕಿಸಿದ್ದ.

ಸ್ವಿಚ್ ಒತ್ತದ ತನಕ ವೈರಿಗೆ ಕರೆಂಟ್ ಬರುವುದಿಲ್ಲ, ಭಯವಿಲ್ಲ. ಆದರೆ ರಾಚಮ್ಮ ಮುಸ್ಸಂಜೆಯಲ್ಲಿ ದೀಪ ಹಚ್ಚಿ ಕೈಮುಗಿಯದೆ ಇರುವವಳಲ್ಲ. ಆಗಲೇ ಆರು ಗಂಟೆ ಆಗಿತ್ತು. ಗಾಡಿ ಓಡಿಸುವಾಗ ನಾಗಯ್ಯ ಫೋನು ಎತ್ತುವುದಿಲ್ಲ. ಕಾಡಿನೊಳಗೆ ಹೊಕ್ಕರೆ ಎಲ್ಲೂ ನಿಲ್ಲಿಸುವುದೂ ಇಲ್ಲ. ಬೈಕು ಹತ್ತಿದೆ. ದಾರಿಯುದ್ದಕ್ಕೂ ಹೊತ್ತನ್ನೇ ನೋಡಿದೆ, ನನ್ನನ್ನು ನಾನೇ ಬೈದುಕೊಂಡೆ.

ಕಾಡಿನಂಚಿನ ಚೆಕ್‌ಪೋಸ್ಟಿನ ಸಾಲಿನಲ್ಲಿ ಗಾಡಿ ಸಿಕ್ಕಿತು. ಕಿಂಡಿಯಲ್ಲಿ ಹಳದಿ ಬೆಳಕು ಕಾಣುತ್ತಿತ್ತು. ಚಿಲಕ ಸರಿಸಿ ಒಳಗೆ ನುಗ್ಗಿ ಸ್ವಿಚ್ ಆರಿಸಿದೆ. ಮಲಗಿದಲ್ಲೇ ಕೈಮುಗಿದಿದ್ದ ರಾಚಮ್ಮ ಬೆಚ್ಚಿದಳು.

"ಅಚ್ಚಿದ್ ದೀಪ ಆರ್ಸ್‌ಬುಟ್ಟಲ್ಲಪ್ಪ ಕುಮಾರ."

ಟಾರ್ಚು ಹಿಡಿದೆ. ತೂತಿನ ಬಳಿ ವೈರಿನ ಸಿಪ್ಪೆ ಹರಿದು ತಾಮ್ರ ಮಿನುಗುತ್ತಿತ್ತು. ಗಾಡಿ ಇನ್ನೊಂದು ಗುಂಡಿಗೆ ಇಳಿದಿದ್ದರೆ ಸಾಕಿತ್ತು, ತಗಡಿಗೆ ತಾಗುತ್ತಿತ್ತು.

ನಾಗಯ್ಯ ಇಳಿದು ಬಂದ. "ಏನ್ಲಾ ಅದು?"

ಏನೋ ಸಡಿಲವಾಗಿತ್ತು ಎನ್ನಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು. ಆದರೆ ಬೆಳ್ಳಿ ಕಾಗದ ಕಿತ್ತು ಅವನ ಅಂಗೈಗಿಟ್ಟು ಎಲ್ಲವನ್ನೂ ಹೇಳಿದೆ. ಬಯ್ಯುತ್ತಾನೆಂದು ಕಾದೆ. ಅವನು ಬಯ್ಯಲಿಲ್ಲ, ಕಾಗದ ನೋಡುತ್ತಾ ನಿಂತ. ನಾನು ಸುಲಿದ ಜಾಗಕ್ಕೆ ಟೇಪು ಸುತ್ತಿ, ತೂತಿಗೆ ರಬ್ಬರು ತುರುಕಿ, ಫ್ಯೂಸ್ ಕೂರಿಸಿದೆ.

"ಈಗ ನೀನೇ ಅಚ್ಚು," ಎಂದಳು ರಾಚಮ್ಮ.

ಒತ್ತಿದೆ. ಬೆಳಕಾಯಿತು. ಅವಳು ದೀಪಕ್ಕೆ ಕೈಮುಗಿದು, ಗಂಡನತ್ತ ತಿರುಗಿ ಮೆಲ್ಲಗೆ ಕೇಳಿದಳು. "ಬೆಂಕಿ ಬಿದ್ದಿದ್ರೆ ನಾನೆಂಗ್ ಈಚೆಗ್ ಬರ್ತಿದ್ದೆ?"

ನಾಗಯ್ಯ ನನ್ನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು, ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಿದ್ದರೂ, ಹೊರಗಿನ ಚಿಲಕದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.